‘ಸ್ಯಾಟರ್ಡೇ ನೈಟ್ ಫೀವರ್’ ಹಾಡುಗಳು ನಿಮ್ಮನ್ನೂ ಹೀಗೇ ಹಿಡಿದುಕೊಂಡಿವೆಯಾ?

ಸೂಜಿಮೊನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನ ಸೋದರಮಾವ ಮನೆ ಬದಲಾಯಿಸುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಎಲ್‌ಪಿ ರೆಕಾರ್ಡ್ ಕೊಟ್ಟರು. “ನೀನೇ ಇಟ್ಕೋ, ಇಲ್ಲಿ ಕೇಳೋರು ಯಾರೂ ಇಲ್ಲ” ಅಂದರು. ಅದರಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದ ಎರಡು ತಟ್ಟೆಗಳ ಆಲ್ಬಂ ಇತ್ತು. ಬಿಳಿ ಸೂಟು ಹಾಕಿ ಕೈ ಮೇಲೆತ್ತಿ ನಿಂತ ಜಾನ್ ಟ್ರವೋಲ್ಟಾ, ಮೇಲೆ ಬೀ ಜೀಸ್‌ನ ಮೂವರು ಅಣ್ಣತಮ್ಮಂದಿರು. ಹೊದಿಕೆಯ ಮೇಲಿನ ಆ ಚಿತ್ರ ನೀವೆಲ್ಲ ನೋಡಿರುತ್ತೀರಿ.

ಮೂರು ವಾರದಿಂದ ನಾನು ಬೇರೇನೂ ಹಾಕಿಲ್ಲ. ಮೊದಲ ಹಾಡು ಶುರುವಾದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದು ಹಳೇ ನೆನಪಿನ ಸೆಳೆತ ಅಂತ ಗೆಳೆಯರು ಹೇಳುತ್ತಾರೆ. ಆದರೆ ಈ ಆಲ್ಬಂ ಬಂದದ್ದು 1977ರ ನವೆಂಬರ್‌ನಲ್ಲಿ. ನಾನು ಆಗ ಹುಟ್ಟೇ ಇರಲಿಲ್ಲ. ಡಿಸ್ಕೋಗೆ ಹೋದವಳೂ ಅಲ್ಲ. ನನಗೆ ನೆನಪೇ ಇಲ್ಲದ ಕಾಲದ ಹಾಡು ನನ್ನನ್ನು ಯಾಕೆ ಹೀಗೆ ಹಿಡಿಯಬೇಕು? ಕುಣಿತದ ಹಾಡು ಕೇಳುವಾಗ ಎದೆಯಲ್ಲಿ ಒಂಥರಾ ಸಂಕಟ ಯಾಕೆ ಆಗಬೇಕು? ಗೊತ್ತಿರುವವರು ಹೇಳಿ.

ಬ್ರೂಕ್ಲಿನ್ ಕನ್ನಡಿಗ

ಆ ಸಂಕಟ ನಿಜವಾಗಿಯೂ ಹಾಡಿನಲ್ಲೇ ಇದೆ ಮೇಡಂ. ಸಿನಿಮಾ ನೋಡಿದ್ದೀರಾ? ನೋಡದಿದ್ದರೆ ಒಮ್ಮೆ ನೋಡಿ, ಆದರೆ ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ ಅಲ್ಲ. ಹಾಡು ಮಾತ್ರ ಕೇಳಿದವರಿಗೆ ಇದೊಂದು ಖುಷಿಯ ಡಾನ್ಸ್ ಸಿನಿಮಾ ಅನ್ನಿಸುತ್ತದೆ. ಹಾಗಿಲ್ಲ.

ನಾನಿರುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಕಥೆ ನಡೆಯುವುದು ಇಲ್ಲಿನ ಬೇ ರಿಡ್ಜ್‌ನಲ್ಲಿ. ಟ್ರವೋಲ್ಟಾ ಮಾಡಿದ ಪಾತ್ರ ಟೋನಿ ಮನೇರೋ, ಇಟಾಲಿಯನ್ ಮನೆತನದ ಹುಡುಗ, ವಯಸ್ಸು 19. ವಾರವಿಡೀ ಬಣ್ಣದ ಅಂಗಡಿಯಲ್ಲಿ ದುಡಿಯುತ್ತಾನೆ. ಅಪ್ಪನ ಕೆಲಸ ಹೋಗಿದೆ. ಊಟದ ಮೇಜಿನಲ್ಲಿ ಬೈಗುಳ, ಏಟು. ಪಾದ್ರಿಯಾಗಿದ್ದ ಅಣ್ಣ ಆ ಕೆಲಸ ಬಿಟ್ಟು ಮನೆಗೆ ಬರುತ್ತಾನೆ. ಗೆಳೆಯರು ಬೇರೆ ಜನಾಂಗದವರ ಜೊತೆ ಹೊಡೆದಾಡುತ್ತಾರೆ, ಹೆಣ್ಣುಮಕ್ಕಳ ಜೊತೆ ಕ್ರೂರವಾಗಿ ನಡೆದುಕೊಳ್ಳುತ್ತಾರೆ. ಒಬ್ಬ ಗೆಳೆಯ ವೆರಜಾನೋ ಸೇತುವೆಯಿಂದ ಬಿದ್ದು ಸಾಯುತ್ತಾನೆ. ಇಷ್ಟರ ನಡುವೆ ಶನಿವಾರ ರಾತ್ರಿ ಒಂದು ಇದೆ. ಆ ರಾತ್ರಿ ಡಿಸ್ಕೋದ ನೆಲದ ಮೇಲೆ ಅವನೇ ರಾಜ. ಭಾನುವಾರ ಬೆಳಗಾದರೆ ಮತ್ತೆ ಅದೇ ಮನೆ.

ಈಗ ‘ಸ್ಟೇಯಿಂಗ್ ಅಲೈವ್’ ಹಾಡಿನ ಮಾತು ಗಮನವಿಟ್ಟು ಕೇಳಿ. ಮೇಲೆ ಗತ್ತು ಇದೆ, ನಡಿಗೆ ಇದೆ. ಒಳಗೆ ಒದೆ ತಿಂದವನೊಬ್ಬ, ಬದುಕು ಎಲ್ಲಿಗೂ ಸಾಗುತ್ತಿಲ್ಲ, ಯಾರಾದರೂ ಕೈ ಹಿಡಿಯಿರಿ ಎಂದು ಕೂಗುತ್ತಿದ್ದಾನೆ. ಹೆಸರೇ ಹೇಳುತ್ತದಲ್ವಾ? ಬದುಕಿ ಉಳಿದಿದ್ದೇನೆ, ಅಷ್ಟೇ.

ಸಿನಿಮಾದ ಶುರುವಿನಲ್ಲಿ ಅವನು ಬಣ್ಣದ ಡಬ್ಬ ಹಿಡಿದು, ಎರಡು ಪಿಜ್ಜಾ ತುಂಡು ಒಂದರ ಮೇಲೊಂದು ಇಟ್ಟು ತಿನ್ನುತ್ತಾ ನಡೆಯುತ್ತಾನಲ್ಲ, ಅದು 86ನೇ ಬೀದಿ. ತಲೆಯ ಮೇಲೆ ರೈಲು ಓಡುವ ಕಬ್ಬಿಣದ ಹಳಿ, ಕೆಳಗೆ ಅಂಗಡಿ ಸಾಲು. ಅಲ್ಲಿ ನಡೆದಾಗಲೆಲ್ಲ ನನ್ನ ಕಾಲು ತಾನಾಗಿ ಆ ಲಯಕ್ಕೆ ಬೀಳುತ್ತದೆ. ಮೊದಲ ಸಲ ಬಂದಾಗ ಊರು ಬಿಟ್ಟು ಎಂಟು ತಿಂಗಳಾಗಿತ್ತು, ಕೆಲಸ ಗಟ್ಟಿಯಾಗಿರಲಿಲ್ಲ. ಆ ದಿನ ಕಿವಿಗೆ ಇದೇ ಹಾಡು ಹಾಕಿಕೊಂಡು ಆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಿದ್ದೆ.

ತಾಳಮೇಳ

ಮಾತಿನ ವಿಷಯ ಬ್ರೂಕ್ಲಿನ್ ಕನ್ನಡಿಗರು ಹೇಳಿದರು. ನಾನು ಡ್ರಮ್ಸ್ ನುಡಿಸುವವನು, ತಾಳದ ವಿಷಯ ಹೇಳುತ್ತೇನೆ. ನನ್ನ ಪ್ರಕಾರ ಹಿಡಿಯುವುದು ಅದೇ.

ಈ ಹಾಡುಗಳನ್ನು ರೆಕಾರ್ಡ್ ಮಾಡಿದ್ದು ಪ್ಯಾರಿಸ್ ಹತ್ತಿರದ ‘ಶಾತೋ ದೆರೂವಿಲ್’ ಎಂಬ ಹಳೇ ಬಂಗಲೆಯಲ್ಲಿದ್ದ ಸ್ಟುಡಿಯೋದಲ್ಲಿ, 1977ರಲ್ಲಿ. ‘ಸ್ಟೇಯಿಂಗ್ ಅಲೈವ್’ಗೆ ತಾಳ ಹಾಕಬೇಕಾದ ಹೊತ್ತಿಗೆ ಅವರ ಡ್ರಮ್ಮರ್ ಡೆನಿಸ್ ಬ್ರಯಾನ್ ಮನೆಯ ತುರ್ತಿಗೆ ಊರಿಗೆ ಹೋಗಬೇಕಾಯಿತು. ಡ್ರಮ್ ಯಂತ್ರ ಹಾಕಿ ನೋಡಿದರು, ಸರಿಬರಲಿಲ್ಲ. ಆಗ ಆಲ್ಬಿ ಗಲೂಟನ್ ಮತ್ತು ಕಾರ್ಲ್ ರಿಚರ್ಡ್ಸನ್ ಅನ್ನುವ ಇಬ್ಬರು ಸಹ-ನಿರ್ಮಾಪಕರು ಒಂದು ಉಪಾಯ ಮಾಡಿದರು. ಆಗಲೇ ಮುಗಿದಿದ್ದ ‘ನೈಟ್ ಫೀವರ್’ ಹಾಡಿನಿಂದ ಬ್ರಯಾನ್ ಬಾರಿಸಿದ ಎರಡು ಆವರ್ತ ಮಾತ್ರ ತೆಗೆದರು. ಆ ಟೇಪಿನ ತುಂಡಿನ ಎರಡೂ ತುದಿ ಅಂಟಿಸಿ ಬಳೆ ಮಾಡಿದರು. ಉದ್ದದ ಟೇಪ್ ಅಲ್ವಾ, ಮೈಕ್ ನಿಲ್ಲಿಸುವ ಸ್ಟ್ಯಾಂಡ್ ಸುತ್ತ ಹಾಯಿಸಿ ಯಂತ್ರದಲ್ಲಿ ಓಡಿಸಿದರು. ಹಾಡು ಪೂರ್ತಿ ನೀವು ಕೇಳುವುದು ಅದೇ ಎರಡು ಆವರ್ತ, ಮತ್ತೆ ಮತ್ತೆ. ಅದರ ಮೇಲೆ ಬೇರೆ ವಾದ್ಯಗಳನ್ನು ಸೇರಿಸಿದರು.

ಆಲ್ಬಂ ಮೇಲೆ ಡ್ರಮ್ಮರ್ ಹೆಸರು ‘ಬರ್ನಾರ್ಡ್ ಲೂಪ್’ ಅಂತ ಬರೆದರು. ಅಂಥ ಮನುಷ್ಯ ಯಾರೂ ಇಲ್ಲ, ಇಂಗ್ಲಿಷಿನಲ್ಲಿ ‘ಲೂಪ್’ ಅಂದರೆ ಇದೇ ಬಳೆ. ಅದೇ ಬಳೆಯನ್ನು ‘ಮೋರ್ ದ್ಯಾನ್ ಎ ವುಮನ್’ಗೂ ಬಳಸಿದರು.

ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಇದರಲ್ಲಿ ಒಂದು ವಿಶೇಷ ಇದೆ. ಯಂತ್ರದ ತಾಳ ಒಂದೇ ಅಳತೆಯಲ್ಲಿ ಬೀಳುತ್ತದೆ, ಅದಕ್ಕೆ ಉಸಿರಿಲ್ಲ. ಮನುಷ್ಯ ನಾಲ್ಕು ನಿಮಿಷ ಬಾರಿಸಿದರೆ ಸ್ವಲ್ಪ ಹಿಂದೆ ಮುಂದೆ ಆಗುತ್ತಾನೆ. ಇಲ್ಲಿ ಎರಡೂ ಕೂಡಿವೆ. ಆ ಎರಡು ಆವರ್ತದ ಒಳಗೆ ಮನುಷ್ಯನ ಕೈಯ ಸಣ್ಣ ಎಳೆತ ಇದೆ, ಆದರೆ ಅದು ಒಮ್ಮೆಯೂ ತಪ್ಪದೆ ವಾಪಸ್ ಬರುತ್ತದೆ. ನಾನು ಹತ್ತು ವರ್ಷದಿಂದ ಆ ಎಳೆತ ಹಿಡಿಯಲು ನೋಡುತ್ತಿದ್ದೇನೆ. ಎಂಟು ಸುತ್ತು ಬರುತ್ತದೆ, ಒಂಬತ್ತನೆಯದರಲ್ಲಿ ಜಾರುತ್ತದೆ.

ಇದೇ ಆಲ್ಬಂನಲ್ಲಿರುವ ‘ಜೈವ್ ಟಾಕಿಂಗ್’ ಕಥೆಯೂ ಚೆನ್ನಾಗಿದೆ. ಅದು 1975ರ ಹಾಡು. ಆಗ ಅವರು ಮಯಾಮಿಯಲ್ಲಿದ್ದರು. ಸ್ಟುಡಿಯೋಗೆ ಹೋಗುವ ದಾರಿಯ ಸೇತುವೆಯ ಸಂದುಗಳ ಮೇಲೆ ಕಾರಿನ ಟೈರ್ ಹಾದಾಗ ಟಕ್-ಟಕ್ ಅಂತ ಸದ್ದು ಬರುತ್ತಿತ್ತು. ಆ ಸದ್ದೇ ಹಾಡಾಯಿತು.

ವಾರ್ಡ್ ನಂ 7

ನಾನು ನರ್ಸ್. ನಮಗೆ ಎದೆ ಒತ್ತುವ ತರಬೇತಿಯಲ್ಲಿ ‘ಸ್ಟೇಯಿಂಗ್ ಅಲೈವ್’ ಹಾಕಿಸಿದ್ದರು. ಹೃದಯ ನಿಂತವರಿಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಈ ಹಾಡಿನ ವೇಗ ನಿಮಿಷಕ್ಕೆ ಸುಮಾರು 104 ಏಟು. ಗಾಬರಿಯಲ್ಲಿ ಕೈ ಜಾಸ್ತಿ ಓಡುತ್ತದೆ, ಇಲ್ಲ ದಣಿದು ನಿಧಾನ ಆಗುತ್ತದೆ. ಮನಸ್ಸಿನಲ್ಲೇ ಈ ಹಾಡು ಹೇಳಿಕೊಂಡರೆ ಲಯ ಸಿಗುತ್ತದೆ. ಒಂದು ರಾತ್ರಿ ಪಾಳಿಯಲ್ಲಿ ನಾನು ಹೇಳಿಕೊಂಡಿದ್ದೇನೆ. ಅವರು ಉಳಿದರು. ಆಮೇಲೆ ಈ ಹಾಡು ನನಗೆ ಬರೀ ಹಾಡಾಗಿ ಕೇಳಿಸಿಲ್ಲ.

ತಾಳಮೇಳ

ಅಕ್ಕಾ, ಮೈ ಜುಮ್ ಅಂತು. ಥ್ಯಾಂಕ್ಸ್.

ಹಳೇ ಕ್ಯಾಸೆಟ್

ಎಲ್ಲರೂ ಬೀ ಜೀಸ್ ಬಗ್ಗೆಯೇ ಹೇಳುತ್ತಿದ್ದೀರಿ. ನನಗೂ ಅವರು ಇಷ್ಟ. ಆದರೆ ಒಂದು ಮಾತು ಹೇಳಲೇಬೇಕು. ಈ ಆಲ್ಬಂನ 17 ಹಾಡುಗಳಲ್ಲಿ ಬೀ ಜೀಸ್ ಹಾಡಿದ್ದು ಆರು ಮಾತ್ರ. ಉಳಿದವು ಯಾರದ್ದು?

ಡಿಸ್ಕೋ ಹುಟ್ಟಿದ್ದು ಬಿಳಿ ಸೂಟಿನಲ್ಲಿ ಅಲ್ಲ. ನ್ಯೂಯಾರ್ಕಿನಲ್ಲಿ ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು ಸೇರುತ್ತಿದ್ದ ಜಾಗಗಳಲ್ಲಿ ಅದು ಬೆಳೆಯಿತು. ಹೊರಗೆ ಅವರಿಗೆ ಕೂಡಿ ಕುಣಿಯಲು ನೆಲವೇ ಇರಲಿಲ್ಲ. 1970ರಲ್ಲಿ ಡೇವಿಡ್ ಮಾನ್ಕೂಸೋ ತಾನು ವಾಸವಿದ್ದ ಜಾಗದಲ್ಲೇ ಪಾರ್ಟಿ ಶುರುಮಾಡಿದರು. ಅದಕ್ಕೆ ‘ದಿ ಲಾಫ್ಟ್’ ಅಂತ ಹೆಸರು ಬಂತು.

ತಾಳದ ಬೇರು ಫಿಲಡೆಲ್ಫಿಯಾದಲ್ಲಿದೆ. ತಾಳಮೇಳ ಅವರೇ, ನಿಮಗೆ ಡ್ರಮ್ಮರ್ ಅರ್ಲ್ ಯಂಗ್ ಗೊತ್ತೇ ಇರುತ್ತಾರೆ. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ ‘ದಿ ಲವ್ ಐ ಲಾಸ್ಟ್’ ಹಾಡಿನಲ್ಲಿ ಕಾಲಿನ ಡ್ರಮ್ಮನ್ನು ನಾಲ್ಕು ಎಣಿಕೆಗೂ ಬಾರಿಸಿ, ನಡುನಡುವೆ ಹೈ-ಹ್ಯಾಟ್ ಅನ್ನುವ ಜೋಡಿ ಸಿಂಬಲ್ ತೆರೆದು ‘ತ್ಸ್’ ಅನ್ನಿಸಿದವರು ಅವರು. ಮುಂದೆ ಡಿಸ್ಕೋ ಅಂದರೆ ಅದೇ ಬಡಿತ ಅಂತಾಯಿತು. ಅವರದ್ದೇ ತಂಡ ‘ದಿ ಟ್ರ್ಯಾಂಪ್ಸ್’. ಈ ಆಲ್ಬಂನ ಕೊನೆಯ ಹಾಡು ‘ಡಿಸ್ಕೋ ಇನ್ಫರ್ನೋ’ ಆ ತಂಡದ್ದು. ಹನ್ನೊಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅದರ ಮುಂಚಿನ ‘ಕೇ-ಜೀ’ ಎಂಎಫ್‌ಎಸ್‌ಬಿ ವಾದ್ಯವೃಂದದ್ದು, ಅದೂ ಫಿಲಡೆಲ್ಫಿಯಾದ್ದೇ. ಮೂರನೇ ಬದಿಯಲ್ಲಿ ಕೂಲ್ ಅಂಡ್ ದಿ ಗ್ಯಾಂಗ್ ಇದ್ದಾರೆ.

ಈ ಆಲ್ಬಂ ಮನೆಮನೆಗೆ ಹೋದಾಗ ಜನ ನೋಡಿದ್ದು ಮೂವರು ಬಿಳಿಯರನ್ನು, ಒಬ್ಬ ಬಿಳಿಯ ನಟನನ್ನು. ಡಿಸ್ಕೋ ಅಂದರೆ ಅವರೇ ಅಂದುಕೊಂಡರು. ಬೀ ಜೀಸ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನೋವಾಗುತ್ತದೆ. ಸೂಜಿಮೊನೆಯವರೇ, ನಿಮ್ಮ ಮನೆಗೆ ಬಂದ ಎರಡನೇ ತಟ್ಟೆಯ ಕೊನೆಯ ಬದಿ ಹಾಕಿದ್ದೀರಾ?

ಸೂಜಿಮೊನೆ

ನಿಜ ಹೇಳಬೇಕೆಂದರೆ ಒಂದೇ ಒಂದು ಸಲ, ಅದೂ ಅಡುಗೆಮನೆಯಿಂದ ಕೇಳಿದ್ದು. ನೀವು ಹೇಳಿದ ಮೇಲೆ ತಟ್ಟೆ ಬೆಳಕಿಗೆ ಹಿಡಿದು ನೋಡಿದೆ. ಮೊದಲ ಬದಿ ತೇದು ಮಸುಕಾಗಿದೆ, ಗೀರುಗಳೇ ಗೀರು. ನಾಲ್ಕನೇ ಬದಿ ಕನ್ನಡಿ ಹಾಗೆ ಹೊಳೆಯುತ್ತಿದೆ. ಮಾವನೂ ಅದನ್ನು ಹಾಕೇ ಇಲ್ಲ ಅನ್ನಿಸುತ್ತದೆ.

ನೀಲಾಂಬರಿ

ಹಳೇ ಕ್ಯಾಸೆಟ್ ಸರ್ ಹೇಳಿದ ಇತಿಹಾಸ ಪೂರ್ತಿ ಒಪ್ಪುತ್ತೇನೆ. ಆದರೆ ಬೀ ಜೀಸ್ ಈ ಸಂಗೀತಕ್ಕೆ ತಂದದ್ದು ಅವರದ್ದೇ ಆದ ಒಂದು ಇದೆ. ಅದು ದನಿ.

ನಾನು ಕರ್ನಾಟಕ ಸಂಗೀತ ಕಲಿತವಳು. ಮೇಲಿನ ಸ್ಥಾಯಿಗೆ ಹೋಗುವಾಗ ದನಿ ತೆಳುಮಾಡಿ ಕಳ್ಳ ಶಾರೀರದಲ್ಲಿ ಹಾಡಿದರೆ ನಮ್ಮ ಮೇಷ್ಟ್ರು ಪಾಠ ನಿಲ್ಲಿಸುತ್ತಿದ್ದರು. ಎದೆ ತುಂಬಿ ಹಾಡು ಅನ್ನುತ್ತಿದ್ದರು. ಹಾಗಾಗಿ ಆ ಮೂವರಲ್ಲಿ ಒಬ್ಬರಾದ ಬ್ಯಾರಿ ಗಿಬ್ ದನಿ ಮೊದಲು ಕೇಳಿದಾಗ ನನಗೆ ಒಗ್ಗಲಿಲ್ಲ. ಹಾಡಿಡೀ ಕಳ್ಳ ಶಾರೀರದಲ್ಲೇ ಇದೆಯಲ್ಲ ಅನ್ನಿಸಿತು. ನಿಧಾನವಾಗಿ ಅರ್ಥವಾಯಿತು. ಆ ದನಿ ಗಂಡಸಿನದ್ದೂ ಅಲ್ಲ, ಹೆಂಗಸಿನದ್ದೂ ಅಲ್ಲ, ಮಗುವಿನದ್ದೂ ಅಲ್ಲ. ಗತ್ತಿನಿಂದ ನಡೆಯುವ ಗಂಡಸಿನ ಒಳಗೆ ಅಡಗಿರುವ ದನಿ ಅದು. ಎದೆ ತುಂಬಿ ಹಾಡಿದ್ದರೆ ಅದು ಬರೀ ಜಂಬದ ಹಾಡಾಗುತ್ತಿತ್ತು. ಆ ತೆಳು ದನಿಯಿಂದಾಗಿ ಮೊರೆಯಾಯಿತು. ಸೂಜಿಮೊನೆ, ನಿಮ್ಮ ಸಂಕಟ ಬರುವುದು ಅಲ್ಲಿಂದ ಅಂತ ನನ್ನ ನಂಬಿಕೆ.

ಬೀ ಜೀಸ್ 1960ರ ದಶಕದಲ್ಲಿ ‘ಟು ಲವ್ ಸಮ್‌ಬಡಿ’ ಥರದ ನಿಧಾನದ, ದುಃಖದ ಹಾಡುಗಳಿಂದ ಹೆಸರಾದವರು. ಎಪ್ಪತ್ತರ ಶುರುವಿನಲ್ಲಿ ಬಹುತೇಕ ಮೂಲೆಗುಂಪಾಗಿದ್ದರು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಸಲಹೆಯ ಮೇಲೆ 1975ರಲ್ಲಿ ಮಯಾಮಿಗೆ ಹೋದರು. ಅಲ್ಲಿ ‘ನೈಟ್ಸ್ ಆನ್ ಬ್ರಾಡ್ವೇ’ ಹಾಡುವಾಗ ನಿರ್ಮಾಪಕ ಆರಿಫ್ ಮಾರ್ಡಿನ್ ಕೊನೆಗೆ ಸ್ವಲ್ಪ ಮೇಲೆ ಕೂಗಿ ನೋಡಿ ಅಂದರು. ಬ್ಯಾರಿಗೆ ತನ್ನೊಳಗೆ ಇಂಥ ದನಿ ಇದೆ ಅಂತ ಗೊತ್ತಾಗಿದ್ದೇ ಆಗ. ಅಷ್ಟು ಹೊತ್ತಿಗೆ ಸೋತು ಎದ್ದವರ ದನಿ ಅದು. ಸುಮ್ನೆ ಬಂದದ್ದಲ್ಲ.

‘ಹೌ ಡೀಪ್ ಈಸ್ ಯುವರ್ ಲವ್’ ಬಗ್ಗೆ ಯಾರೂ ಹೇಳಿಲ್ಲ! ಡಿಸ್ಕೋ ಆಲ್ಬಂನ ಎರಡನೇ ಹಾಡೇ ಕುಣಿಯಲಾಗದ ಹಾಡು. ಬ್ಲೂ ವೀವರ್ ಅವರ ಎಲೆಕ್ಟ್ರಿಕ್ ಪಿಯಾನೋ ಮಂಜಿನ ಹಾಗೆ ಬರುತ್ತದೆ. ಮೂವರ ದನಿ ಕೂಡಿದಾಗ ಯಾವುದು ಯಾರದ್ದು ಅಂತ ಬಿಡಿಸಲಾಗುವುದಿಲ್ಲ. ಒಂದೇ ಮನೆಯಲ್ಲಿ ಚಿಕ್ಕಂದಿನಿಂದ ಕೂಡಿ ಹಾಡಿದವರಿಗೆ ಮಾತ್ರ ಅದು ಸಾಧ್ಯ.

ಬ್ರೂಕ್ಲಿನ್ ಕನ್ನಡಿಗ

ಸಿನಿಮಾದ ಕೊನೆಗೆ ಬರುವುದೂ ಅದೇ ಹಾಡು ಮೇಡಂ. ಸ್ಪರ್ಧೆಯಲ್ಲಿ ಟೋನಿ ಗೆಲ್ಲುತ್ತಾನೆ. ಆದರೆ ತನಗಿಂತ ಚೆನ್ನಾಗಿ ಕುಣಿದದ್ದು ಪೋರ್ಟೊ ರಿಕೋದ ಜೋಡಿ, ಅವರು ನಮ್ಮವರಲ್ಲ ಅಂತ ಬಹುಮಾನ ತಪ್ಪಿಸಿದರು ಅಂತ ಅವನಿಗೆ ಗೊತ್ತಾಗುತ್ತದೆ. ಟ್ರೋಫಿಯನ್ನು ಅವರ ಕೈಗೇ ಕೊಟ್ಟುಬಿಡುತ್ತಾನೆ. ಆಮೇಲೆ ಆ ಕೆಟ್ಟ ರಾತ್ರಿ, ಸೇತುವೆಯ ಸಾವು. ರಾತ್ರಿಯಿಡೀ ಸಬ್‌ವೇ ರೈಲಿನಲ್ಲಿ ಒಬ್ಬನೇ ಕೂತಿರುತ್ತಾನೆ. ಆಗ ‘ಹೌ ಡೀಪ್ ಈಸ್ ಯುವರ್ ಲವ್’ ಶುರುವಾಗುತ್ತದೆ. ಹಳೇ ಕ್ಯಾಸೆಟ್ ಸರ್ ಎತ್ತಿದ ಪ್ರಶ್ನೆ ಸಿನಿಮಾದೊಳಗೇ ಇದೆ ಅಂತ ನನಗನ್ನಿಸುತ್ತದೆ. ಬಹುಮಾನ ನಿಜಕ್ಕೂ ಯಾರಿಗೆ ಸೇರಬೇಕು ಅಂತ.

ಈ ಹಾಡುಗಳು ಸಿನಿಮಾಕ್ಕೆ ಬಂದ ಬಗೆಯೂ ಹೇಳಬೇಕು. ನಿರ್ಮಾಪಕ ರಾಬರ್ಟ್ ಸ್ಟಿಗ್‌ವುಡ್ ಅವರೇ ಬೀ ಜೀಸ್ ಮ್ಯಾನೇಜರ್, ಆರ್‌ಎಸ್‌ಒ ರೆಕಾರ್ಡ್ ಕಂಪನಿಯ ಮಾಲೀಕರೂ ಅವರೇ. ಅಣ್ಣತಮ್ಮಂದಿರು ಫ್ರಾನ್ಸ್‌ನಲ್ಲಿ ತಮ್ಮ ಹೊಸ ಆಲ್ಬಂ ಮಾಡುತ್ತಿದ್ದಾಗ ಸ್ಟಿಗ್‌ವುಡ್ ಸಿನಿಮಾಕ್ಕೆ ಹಾಡು ಕೊಡಿ ಅಂತ ಕೇಳಿದರು. ಆಗ ಸಿನಿಮಾದ ಹೆಸರು ‘ಸ್ಯಾಟರ್ಡೇ ನೈಟ್’. ಅಣ್ಣತಮ್ಮಂದಿರ ಬಳಿ ‘ನೈಟ್ ಫೀವರ್’ ಹಾಡು ಇತ್ತು. ಎರಡೂ ಕೂಡಿ ಈಗಿನ ಹೆಸರಾಯಿತು. ಶುರುವಿನಲ್ಲಿ ಟ್ರವೋಲ್ಟಾ ಕುಣಿದದ್ದು ಸ್ಟೀವಿ ವಂಡರ್, ಬಾಝ್ ಸ್ಕ್ಯಾಗ್ಸ್ ಹಾಡುಗಳಿಗೆ.

ಇನ್ನೊಂದು ಸಂಗತಿ. ಸಿನಿಮಾಕ್ಕೆ ಆಧಾರ 1976ರಲ್ಲಿ ನಿಕ್ ಕೋನ್ ‘ನ್ಯೂಯಾರ್ಕ್’ ಪತ್ರಿಕೆಗೆ ಬರೆದ ವರದಿ. ಅದು ಬಹುಪಾಲು ಕಟ್ಟುಕಥೆ ಅಂತ ಎರಡು ದಶಕದ ನಂತರ ಅವರೇ ಒಪ್ಪಿಕೊಂಡರು. ವರದಿ ಸುಳ್ಳಾಯಿತು, ಹಾಡು ಮಾತ್ರ ಸುಳ್ಳಾಗಲಿಲ್ಲ.

ಹಾಡುಗಳನ್ನು ಮೊದಲು ಬಿಟ್ಟರು, ಡಿಸೆಂಬರ್‌ನಲ್ಲಿ ಸಿನಿಮಾ ಬಂತು. ಜನ ಹಾಡು ಬಾಯಿಪಾಠ ಮಾಡಿಕೊಂಡೇ ಥಿಯೇಟರ್‌ಗೆ ಬಂದರು. 1978ರಲ್ಲಿ ಈ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಸತತ 24 ವಾರ ಮೊದಲ ಸ್ಥಾನದಲ್ಲಿತ್ತು. ಮುಂದಿನ ವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿಯೂ ಬಂತು.

ಕೊಡಗಿನ ಕಾಫಿ

ನಮ್ಮ ಕಡೆಯ ಒಂದು ಹೆಸರು ಸೇರಿಸುತ್ತೇನೆ, ಈ ಚರ್ಚೆಗೆ ಅದು ಸಲ್ಲುತ್ತದೆ. ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವರು ಲಂಡನ್‌ಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ನಿರ್ಮಿಸಿದ್ದು ಇವರೇ. ಅದು ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಟ್ರವೋಲ್ಟಾ ಬಿಳಿ ಸೂಟು ಹಾಕುವುದಕ್ಕೆ ಮೂರು ವರ್ಷ ಮುಂಚೆ! ಆಮೇಲೆ 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ‘ಆಪ್ ಜೈಸಾ ಕೋಯಿ’ ಮಾಡಿದರು, ನಾಜಿಯಾ ಹಸನ್ ಹಾಡಿದ್ದು. ನಮ್ಮ ದೇಶದ ಮನೆಗಳಿಗೆ ಡಿಸ್ಕೋ ಬಂದ ದಾರಿಯಲ್ಲಿ ನಮ್ಮವರೊಬ್ಬರ ಹೆಜ್ಜೆಯೂ ಇದೆ. ನನಗೆ ಅದು ತುಂಬಾ ಹೆಮ್ಮೆ.

ತಾಳಮೇಳ

ಬಿದ್ದು ಹೆಸರು ಹೇಳಿದ್ದಕ್ಕೆ ನಿಮಗೊಂದು ನಮಸ್ಕಾರ.

ಆಲ್ಬಂನಲ್ಲಿ ಎಲ್ಲವೂ ಒಂದೇ ತೂಕದವು ಅಂತ ನಾನು ಹೇಳಲಾರೆ. ಬೇಥೋವನ್‌ನ ಐದನೇ ಸಿಂಫನಿಗೆ ವಾಲ್ಟರ್ ಮರ್ಫಿ ಡಿಸ್ಕೋ ತಾಳ ಹಾಕಿದ್ದು ಎರಡು ಸಲ ಕೇಳಲು ಚೆನ್ನ, ಆಮೇಲೆ ಸಾಕು. ಡೇವಿಡ್ ಶೈರ್ ಅವರ ‘ಮ್ಯಾನ್‌ಹಟನ್ ಸ್ಕೈಲೈನ್’ ಮಾತ್ರ ಯಾರೂ ಬಿಡಬೇಡಿ. ತಂತಿವಾದ್ಯಗಳು ಮೇಲೇರುವ ರೀತಿ ಕೇಳಿ. ಮತ್ತೆ ‘ಮೋರ್ ದ್ಯಾನ್ ಎ ವುಮನ್’ ಇಲ್ಲಿ ಎರಡು ಸಲ ಇದೆ. ಬೀ ಜೀಸ್ ಹಾಡಿದ್ದು ಒಂದು, ಟವಾರೆಸ್ ಅಣ್ಣತಮ್ಮಂದಿರು ಹಾಡಿದ್ದು ಇನ್ನೊಂದು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಟವಾರೆಸ್ ಎದೆಯಿಂದ ಹಾಡುತ್ತಾರೆ. ನೀಲಾಂಬರಿಯವರು ಹೇಳಿದ ವ್ಯತ್ಯಾಸ ಅಲ್ಲಿ ಕೈಗೇ ಸಿಗುತ್ತದೆ.

ಹಳೇ ಕ್ಯಾಸೆಟ್

ನೀಲಾಂಬರಿಯವರ ಮಾತು ಓದಿ ಬ್ಯಾರಿ ಗಿಬ್ ದನಿಯನ್ನು ಮತ್ತೆ ಕೇಳಿದೆ. ನೀವು ಹೇಳಿದ್ದು ಸರಿ. ನಾನು ಇಷ್ಟು ವರ್ಷ ಅದನ್ನು ಬರೀ ಶೋಕಿ ಅಂದುಕೊಂಡಿದ್ದೆ.

1979ರದ್ದು ಒಂದು ಹೇಳಿಬಿಡುತ್ತೇನೆ. ಜುಲೈ 12, ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ಡಿಸ್ಕೋ ತಟ್ಟೆಗಳನ್ನು ತನ್ನಿ, ಸಿಡಿಸೋಣ ಅಂತ ಕರೆದ. ತಟ್ಟೆ ತಂದವರಿಗೆ ಟಿಕೆಟ್ 98 ಸೆಂಟ್. ಎರಡು ಪಂದ್ಯಗಳ ನಡುವೆ ಪೆಟ್ಟಿಗೆ ತುಂಬ ತಟ್ಟೆಗಳನ್ನು ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಪಂದ್ಯ ನಡೆಯಲೇ ಇಲ್ಲ. ಆ ದಿನ ಅಲ್ಲಿ ಜನರನ್ನು ಕೂರಿಸುವ ಕೆಲಸದಲ್ಲಿ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಇದ್ದ. ಜನ ತಂದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ್ದೂ ಇದ್ದವು, ಕಪ್ಪು ಕಲಾವಿದರದ್ದು ಅನ್ನುವುದಷ್ಟೇ ಅವುಗಳ ಗುರುತು ಅಂತ ಅವರು ಮುಂದೆ ಹೇಳಿದ್ದಾರೆ. ಅದೇ ಹುಡುಗ ಐದು ವರ್ಷದ ನಂತರ ಅದೇ ಊರಿನಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ‘ಆನ್ ಅಂಡ್ ಆನ್’ ಹಾಡು ಮಾಡಿದ. ಡಿಸ್ಕೋದಿಂದ ಬೆಳೆದ ಹೌಸ್ ಅನ್ನುವ ಕುಣಿತದ ಸಂಗೀತದ ಮೊದಲ ತಟ್ಟೆ ಅಂತ ಅದನ್ನು ಎಣಿಸುತ್ತಾರೆ. ತಾಳ ಅದೇ, ನಾಲ್ಕು ಎಣಿಕೆಗೂ ಬೀಳುವ ಅರ್ಲ್ ಯಂಗ್ ತಾಳ.

ಸೂಜಿಮೊನೆಯವರೇ, ನಾಲ್ಕನೇ ಬದಿ ಏನಾಯಿತು?

ಸೂಜಿಮೊನೆ

ಅದನ್ನೇ ಬರೆಯೋಣ ಅಂತ ಬಂದೆ. ಇವತ್ತು ಭಾನುವಾರ, ಮಾವ ಊಟಕ್ಕೆ ಬಂದಿದ್ದರು. ನಾಲ್ಕನೇ ಬದಿ ತೋರಿಸಿ ಕೇಳಿದೆ, “ಯಾಕೆ ಮಾವ, ಇದನ್ನು ಹಾಕೇ ಇಲ್ವಾ?” ಅಂತ. ಆಗ ಅವರು ಬೇರೆ ಊರಲ್ಲಿ ಒಬ್ಬರೇ ಬಾಡಿಗೆ ಕೋಣೆಯಲ್ಲಿದ್ದರಂತೆ. ಪ್ಲೇಯರ್ ಓನರ್ ಮನೆಯದ್ದು. ರಾತ್ರಿ ಒಂಬತ್ತಕ್ಕೆ ಅವರು ಮಲಗುವುದರೊಳಗೆ ಒಂದು ಬದಿ ಮಾತ್ರ ಹಾಕಲು ಸಮಯ ಸಿಗುತ್ತಿತ್ತು. “ಅದಕ್ಕೇ ದಿನಾ ಮೊದಲನೇದೇ ಹಾಕ್ತಿದ್ದೆ ಕಣೇ. ಎರಡನೇ ಹಾಡು ಬಂದರೆ ಸಾಕು ಅನ್ನಿಸ್ತಿತ್ತು” ಅಂದರು. ಎರಡನೇದು ‘ಹೌ ಡೀಪ್ ಈಸ್ ಯುವರ್ ಲವ್’. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊಟ ಆದಮೇಲೆ ನಾಲ್ಕನೇ ಬದಿ ಹಾಕಿದೆ. ‘ಡಿಸ್ಕೋ ಇನ್ಫರ್ನೋ’ ಬಂದಾಗ ಸೌಂಡ್ ಜಾಸ್ತಿ ಮಾಡು ಅಂದರು. ಪೂರ್ತಿ ಕೇಳಿದರು. ಬೆರಳು ಕುರ್ಚಿಯ ತೋಳಿನ ಮೇಲೆ ಒಂದು ಎಣಿಕೆಯೂ ಬಿಡದೆ ಬಡಿಯುತ್ತಿತ್ತು. ಮುಗಿದ ಮೇಲೆ “ಇನ್ನೊಂದ್ಸಲ ಹಾಕು” ಅಂದರು. ಈಗ ಮೂರನೇ ಸಲ ಓಡುತ್ತಿದೆ.